ನಡುದಾರಿಯಲ್ಲಿ ನಿಂತ ಸಿಟಿ ಬಸ್ಸು

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನೆಂದು ಅಮ್ಮ ಹೇಳುತ್ತಿದ್ದಳು. ಡಿಪೋದಲ್ಲಿ ಅವನ ಹೆಸರು ಬಿರುಗಾಳಿ. ಸಿಟಿ ಬಸ್ಸಿನ ಡ್ರೈವರು. ಕೆಂಪು ದೀಪದಲ್ಲಿ ನಿಂತಾಗಲೂ ಬೆರಳುಗಳು ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಲೇ ಇರುತ್ತಿದ್ದವು. ಊಟಕ್ಕೆ ಪುರುಸೊತ್ತಿಲ್ಲವೆಂದು ಸೀಟಿನ ಪಕ್ಕ ಕೂಲ್ ಡ್ರಿಂಕಿನ ಬಾಟಲಿ, ಜೇಬಿನಲ್ಲಿ ಕ್ರೀಮ್ ಬಿಸ್ಕತ್ತು. ಟೀ ಅಂಗಡಿಯಲ್ಲಂತೂ, "ಚಮಚ ನೆಟ್ಟಗೆ ನಿಂತ್ಕೋಬೇಕು, ಅಷ್ಟು ಸಕ್ಕರೆ ಹಾಕಯ್ಯ" ಎನ್ನುತ್ತಿದ್ದ.

ಆ ಬೇಸಿಗೆಯಲ್ಲಿ ಬಾಯಾರಿಕೆ ಶುರುವಾಯಿತು. ಬಿಸಿಲಿನದೆಂದುಕೊಂಡ. ನೀರು ಸಪ್ಪೆ ಎನಿಸಿ ಇನ್ನೊಂದು ಬಾಟಲಿ ತೆರೆಯುತ್ತಿದ್ದ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಟ್ರಿಪ್ಪು ಮುಗಿಯುವುದೇ ತಡ, ಶೌಚಾಲಯಕ್ಕೆ ಓಟ. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಬಿತ್ತು.

"ರೀ, ಕೆನ್ನೆ ಬತ್ತಿ ಹೋಗಿದೆ. ಡಾಕ್ಟ್ರಿಗೆ ತೋರಿಸ್ಬಾರ್ದಾ?" ಎಂದಳು ಹೆಂಡತಿ.

"ತೆಳ್ಳಗಾಗೋಕೆ ಜನ ಪಾಡು ಪಡ್ತಾರೆ ಕಣೇ. ನಂಗೆ ಬಿಟ್ಟಿ ಸಿಕ್ಕಿದೆ."

ನಕ್ಕನೇನೋ ನಿಜ, ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕುರ್ಚಿ ಎಳೆದ ಸದ್ದಿಗೆ ಮಗಳ ಮೇಲೆ ಹಾರಾಡಿದ. ಅವಳು ತಟ್ಟೆ ಬಿಟ್ಟು ಎದ್ದುಹೋದ ಮೇಲೆ, ತನಗೇನಾಗಿದೆಯೆಂದು ತಿಳಿಯದೆ ಬಾಗಿಲಿಗೂ ಕಿಟಕಿಗೂ ಶತಪಥ ಹಾಕಿದ.

ಒಂದು ಸಂಜೆ ಬಸ್ಸು ಸೇತುವೆಯ ಮೇಲೆ ವಾಹನಗಳ ನಡುವೆ ಸಿಕ್ಕಿಬಿತ್ತು. ಮೂತ್ರ ತಡೆದುಕೊಳ್ಳಲಾಗದೆ ಸೀಟಿನಲ್ಲೇ ಒದ್ದಾಡಿದ. ಮುಂದಿನ ಬಸ್ಸಿನ ಬೋರ್ಡಿನ ಅಕ್ಷರಗಳು ನೀರಿನೊಳಗಿದ್ದಂತೆ ಅಲುಗಾಡಿದವು. ಸೇತುವೆ ದಾಟಿದವನೇ ಪೆಟ್ರೋಲ್ ಬಂಕಿನೆದುರು ಬಸ್ಸು ನಿಲ್ಲಿಸಿ, ಹಾರಿ ಓಡಿದ.

"ಡ್ರೈವರ್ ಎಲ್ಲಿ ಓಡ್ದ?"

"ಹೆಂಡ್ತಿ ಕಂಡಿರ್ಬೇಕು ಬಿಡ್ರಿ!"

ಬಸ್ಸೆಲ್ಲ ನಕ್ಕಿತು. ತಲೆ ತಗ್ಗಿಸಿ ಬಂದು ಕೂತವನ ಪಕ್ಕ ಕಂಡಕ್ಟರ್ ಹುಡುಗಿ ನಿಂತಳು. ಸೇತುವೆಯ ಮೇಲೆ ಅವನು ಬೋರ್ಡು ಓದಲು ತಿಣುಕುತ್ತಿದ್ದುದನ್ನು ನೋಡಿದ್ದ ಅವಳು ನಗಲಿಲ್ಲ. "ಅಣ್ಣಾ, ಎದುರಿಗಿರೋ ಆ ಅಂಗಡಿ ಹೆಸರು ಓದಿ ನೋಡೋಣ."

ಕಣ್ಣು ಕಿರಿದು ಮಾಡಿದ. ಉಜ್ಜಿಕೊಂಡ. ಓದಿದೆನೆಂದು ಸುಳ್ಳು ಹೇಳಬಹುದಿತ್ತು. ಬೆನ್ನ ಹಿಂದೆ ಬಸ್ಸು ತುಂಬ ಜನ. "ಆಗ್ತಿಲ್ಲ ಕಣಮ್ಮಾ" ಎಂದು ಕೀಲಿ ತೆಗೆದು ಅವಳ ಕೈಗಿಟ್ಟ. ಅವಳು ಜನರನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿ, ಅವನನ್ನು ಆಸ್ಪತ್ರೆಗೆ ಕರೆದೊಯ್ದಳು.

"ರಕ್ತದಲ್ಲಿ ಸಕ್ಕರೆ ಮಿತಿಮೀರಿದೆ. ಅದನ್ನ ಹೊರಗೆ ಹಾಕೋಕೆ ದೇಹ ತನ್ನ ನೀರನ್ನೆಲ್ಲ ಖಾಲಿ ಮಾಡ್ತಿದೆ. ಕಣ್ಣು ಮಂಜಾಗಿರೋದೂ ಅದ್ರಿಂದಾನೇ," ಎಂದರು ಡಾಕ್ಟರಮ್ಮ.

"ಸಿಹಿ ತಿಂದಿದ್ದಕ್ಕೇನಾ ಮೇಡಂ?"

"ಅದೊಂದೇ ಅಲ್ಲ. ವಂಶದಲ್ಲೂ ಇರ್ಬಹುದು, ಕೂತು ಮಾಡೋ ಕೆಲಸ ಬೇರೆ. ಆದ್ರೆ ದಿನಾ ಅಷ್ಟು ಸಕ್ಕರೆ ನೀರು ಕುಡಿದ್ರೆ ಯಾವ ಮೈ ತಾಳುತ್ತೆ?"

ಮಾತ್ರೆ ಬಂತು, ಬಾಟಲಿ ಹೋಯಿತು. ಕಣ್ಣು ತಿಳಿಯಾಗುವವರೆಗೆ ಡಿಪೋದ ಗೇಟಿನಲ್ಲಿ ಕುರ್ಚಿಯ ಕೆಲಸ. ಅವನಿಗೆ ಅದೇ ದೊಡ್ಡ ಶಿಕ್ಷೆ. ಸಕ್ಕರೆಯಿಲ್ಲದ ಟೀ ಕಷಾಯದಂತಿತ್ತು, ತಲೆ ಸಿಡಿಯುತ್ತಿತ್ತು. ಒಮ್ಮೆ ಅಂಗಡಿಯವರೆಗೆ ಹೋಗಿ, ತಣ್ಣನೆಯ ಬಾಟಲಿ ಹಿಡಿದು, ಅಲ್ಲೇ ಇಟ್ಟು ಬಂದ. ಕೂರಲಾಗದೆ ನಿಂತ ಬಸ್ಸುಗಳ ನಡುವೆ ನಡೆಯತೊಡಗಿದ. ಮಗಳೂ ಸಂಜೆ ಅವನ ಜೊತೆ ಹೆಜ್ಜೆ ಹಾಕಿದಳು. "ಅಪ್ಪಾ, ಸ್ವಲ್ಪ ನಿಧಾನ. ನಾನೇನು ಬಸ್ಸಾ?"

ಮಳೆಗಾಲದ ಹೊತ್ತಿಗೆ ಕಣ್ಣಿನ ಪರೀಕ್ಷೆ ಪಾಸಾಗಿ ಬಸ್ಸು ಮರಳಿ ಸಿಕ್ಕಿತು. ಆದರೆ ಸಕ್ಕರೆ ನರಗಳಿಗೆ ಪೆಟ್ಟು ಕೊಟ್ಟಿದ್ದರಿಂದ ಕಾಲ್ಬೆರಳುಗಳಲ್ಲಿ ಇರುವೆ ಹರಿದಂತೆ ಜೋಮು ಉಳಿದಿದೆ. ಹೋಗಲೂಬಹುದು, ಹೋಗದೆಯೂ ಇರಬಹುದು ಎಂದಿದ್ದಾರೆ ಡಾಕ್ಟರಮ್ಮ. ಈಗ ಪ್ರತಿ ಕೊನೆಯ ಸ್ಟಾಪಿನಲ್ಲೂ ಇಳಿದು, ನೆಲಕ್ಕೆ ಕಾಲು ಅಪ್ಪಳಿಸಿ, ಬ್ರೇಕು ತುಳಿಯುವ ಪಾದಕ್ಕೆ ಸ್ಪರ್ಶ ತಿಳಿಯುತ್ತಿದೆಯೇ ಎಂದು ನೋಡಿಕೊಳ್ಳುತ್ತಾನೆ.