ಅಂಟಜ್ಜಿಯ ಜಿರಾಫೆಗಳು

ಅಂಟಜ್ಜಿ ಎಂಬ ಹೆಸರನ್ನು ಅವಳಿಗೆ ಇಟ್ಟವರು ಶಾಲೆಯ ಮಕ್ಕಳು. ಗೇಟಿನ ಎದುರಿಗೇ ಇರುವ ಅವಳ ಅಂಗಡಿಗೆ ಪೆನ್ಸಿಲು, ರಬ್ಬರು ಎಂದು ಬರುವ ಯಾವ ಮಗುವೂ ಅವಳ ಬೆರಳುಗಳನ್ನು ಅಂಟಿಲ್ಲದೆ ನೋಡಿದ್ದಿಲ್ಲ. ಎದುರಿಗಿದ್ದವರನ್ನು ಬೈಯುತ್ತಲೇ ಅವಳು ಹೆಬ್ಬೆರಳಿನ ಮೇಲೆ ಒಣಗಿದ ಅಂಟನ್ನು ಹಾವಿನ ಪೊರೆಯ ಹಾಗೆ ಸುಲಿದು ತೆಗೆಯುತ್ತಿದ್ದಳು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು. ಬೈಸಿಕೊಳ್ಳುವವರು ಸಾಮಾನ್ಯವಾಗಿ ಅವುಗಳ ಅಮ್ಮಂದಿರು.

ಜನರ ಬಗ್ಗೆ ಅವಳಿಗಿದ್ದ ತಾತ್ಸಾರ ಇಂದು ನಿನ್ನೆಯದಲ್ಲ. ವಯಸ್ಸಿನಲ್ಲಿದ್ದಾಗ ಅವಳು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಚಪ್ಪಲಿಗೆ, ಔಷಧಿಗೆ, ಬಲ್ಬಿಗೆ, ಎಲ್ಲದಕ್ಕೂ ಪೆಟ್ಟಿಗೆ. ಮಡಿಕೆ ಬೀಳುವ ಕಡೆ ಗೆರೆ ಎಳೆದು, ಮೂಲೆ ಕೂಡಿಸಿ, ಅಂಟು ಹೊರಗೆ ಇಣುಕದಂತೆ ಒತ್ತಿ ಹಿಡಿಯುವುದರಲ್ಲಿ ಎತ್ತಿದ ಕೈ. ಒಮ್ಮೆ ಚಪ್ಪಲಿ ಕೊಳ್ಳಲು ಹೋದಾಗ, ಅಂಗಡಿಯವನು ಅವಳೇ ಮಾಡಿದ್ದ ಪೆಟ್ಟಿಗೆಯನ್ನು ಮುಚ್ಚಳ ಎತ್ತಿ ತೆರೆಯುವ ಬದಲು ಪರಪರ ಹರಿದು ಎಸೆದದ್ದನ್ನು ನೋಡಿದಳು. ಆವತ್ತೇ ಮನುಷ್ಯಜಾತಿಯ ಯೋಗ್ಯತೆ ಇಷ್ಟೇ ಎಂದು ತೀರ್ಮಾನಿಸಿಬಿಟ್ಟಳು. ಆಮೇಲೆ ಆ ತೀರ್ಪನ್ನು ಬದಲಿಸುವ ಸಂದರ್ಭ ಒದಗಲಿಲ್ಲ. ಗಂಡ ಬಸ್ಸಿನ ಡ್ರೈವರು, ದಿನವಿಡೀ ಬಸ್ಸಿನ ಗದ್ದಲ ಕೇಳಿ ಮನೆಗೆ ಬಂದರೆ ಇವಳ ಗದ್ದಲ. ಬೇಜಾರಿಲ್ಲದೆ ಎರಡನ್ನೂ ಕೇಳಿಸಿಕೊಂಡು ಒಂದು ದಿನ ಸದ್ದಿಲ್ಲದೆ ತೀರಿಹೋದ. ಕಾರ್ಖಾನೆಗೆ ಯಂತ್ರ ಬಂದು ಅವಳನ್ನು ಹೊರಗೆ ಕಳಿಸಿದಾಗ ಅವಳು ಈ ಅಂಗಡಿ ಹಾಕಿದಳು.

ಮೊದಮೊದಲು ಬರೀ ಪೆನ್ನು ಪೇಪರಿನ ವ್ಯಾಪಾರ. ಒಂದು ದಿನ ಒಬ್ಬ ತಾಯಿ ಅಳುಮುಖ ಮಾಡಿಕೊಂಡು ಬಂದು, ಮಗನ ಶಾಲೆಗೆ ರಟ್ಟಿನ ಮನೆ ಬೇಕಂತೆ, ನನಗೆ ಬರಲ್ಲ ಅಂದಳು. ಅಂಟಜ್ಜಿ ಬಾಗಿಲು ಕಿಟಕಿಗಳ ಸಮೇತ ಒಂದು ಮನೆ ಮಾಡಿಕೊಟ್ಟಳು. ಅಷ್ಟೇ. ಮಾರನೇ ವಾರದಿಂದ ಅಂಗಡಿ ಮುಂದೆ ಅಮ್ಮಂದಿರ ಸಾಲು. ಹಡಗು, ಜ್ವಾಲಾಮುಖಿ, ರಾಕೆಟ್ಟು, ಹಲ್ಲಿನ ಮಾದರಿ. ಶಾಲೆಯ ಗೋಡೆಯ ಮೇಲೆ ‘ನಮ್ಮ ಪುಟಾಣಿಗಳ ಕೈಚಳಕ’ ಎಂದು ನೇತಾಡುತ್ತಿದ್ದದ್ದೆಲ್ಲ ಆ ಅರವತ್ತು ದಾಟಿದ ಪುಟಾಣಿಯದೇ.

ಹೀಗಿರುವಾಗ ಶಿಶುವಿಹಾರದ ತರಗತಿಯಿಂದ ಹೊಸ ಆಜ್ಞೆ ಹೊರಟಿತು. ಚಿಕ್ಕ ಮಕ್ಕಳೆಲ್ಲ ಮನೆಯಲ್ಲಿ ಸಿಗುವ ವಸ್ತುಗಳಿಂದ ‘ಸುಲಭವಾದ ಜಿರಾಫೆ’ ಮಾಡಿ ತರಬೇಕು. ಮಗುವೇ ಸ್ವತಃ ಮಾಡಿರಬೇಕು. ಚೆನ್ನಾಗಿರುವುದಕ್ಕೆ ಬಹುಮಾನ.

“ಸುಲಭವಂತೆ, ಸುಲಭ!” ಅಂಟಜ್ಜಿ ಮೂಗು ಮುರಿದಳು. “ಇವರಲ್ಲಿ ಒಬ್ಬರಾದ್ರೂ ಜಿರಾಫೆ ಕುತ್ತಿಗೆ ನೆಟ್ಟಗೆ ನಿಲ್ಲಿಸಲಿ ನೋಡೋಣ. ಸ್ವಂತ ಕುತ್ತಿಗೇನೇ ನೆಟ್ಟಗಿಲ್ಲ, ಮೊಬೈಲ್ ನೋಡಿ ನೋಡಿ ಬಗ್ಗಿಹೋಗಿದೆ.”

ಹಾಗೆಂದವಳು ಬಟ್ಟೆ ಅಂಗಡಿಗೆ ಹೋಗಿ, ಬಟ್ಟೆ ಸುತ್ತಿಕೊಂಡು ಬರುವ ರಟ್ಟಿನ ಕೊಳವೆಗಳನ್ನು ಹೊತ್ತು ತಂದಳು. ಗೇಣುದ್ದಕ್ಕೆ ಕೊಯ್ದಳು. ಹಳದಿ ಬಳಿದಳು. ತಲೆಗೆ ಬೆಂಕಿಪೊಟ್ಟಣ, ಕಾಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು, ಕೊಂಬಿಗೆ ಬೆಂಕಿಕಡ್ಡಿ, ಬಾಲಕ್ಕೆ ಉಲ್ಲನ್ ದಾರ. ಮಚ್ಚೆಗೆ ಕಂದು ಬಣ್ಣದಲ್ಲಿ ಬೆರಳು ಅದ್ದಿ ಒತ್ತಿದರೆ ಮುಗಿಯಿತು.

ಮೊದಲು ಬಂದವಳು ತಲೆಯ ಮೇಲೆ ಎತ್ತರವಾಗಿ ಕೂದಲು ಕಟ್ಟುತ್ತಿದ್ದ ಒಬ್ಬ ತಾಯಿ. ಬ್ಯಾಂಕಿನಲ್ಲಿ ಕೆಲಸ. ಮಾಡಿಟ್ಟಿದ್ದ ಜಿರಾಫೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ತುಂಬಾ ಚೆನ್ನಾಗಿದೆ ಅಜ್ಜಿ. ಆದ್ರೆ ಇಷ್ಟು ಚೆನ್ನಾಗಿದ್ರೆ ಮಿಸ್ ನಂಬಲ್ವಲ್ಲ. ಸ್ವಲ್ಪ ಮಗು ಮಾಡಿದ ಹಾಗೆ ಕಾಣಬೇಕು.”

“ಅಂದ್ರೆ ಕೆಡಿಸಬೇಕು.”

“ಜಾಸ್ತಿ ಬೇಡ. ಬಹುಮಾನನೂ ಬರಬೇಕಲ್ಲ.”

“ನಿಮಗೆ ಮೂರು ವರ್ಷದ ಕೆಟ್ಟದ್ದು ಬೇಕಾ, ಐದು ವರ್ಷದ ಕೆಟ್ಟದ್ದಾ?”

ಆ ತಾಯಿ ನಿಜಕ್ಕೂ ಯೋಚನೆ ಮಾಡಿದಳು. “ನಾಲ್ಕೂವರೆ,” ಅಂದಳು.

ಅಂಟಜ್ಜಿ ಒಂದು ಕಣ್ಣನ್ನು ಕೆಳಗೆ ಜಾರಿಸಿ, ಬಾಲವನ್ನು ಓರೆಯಾಗಿ ಅಂಟಿಸಿ ಕೊಟ್ಟಳು. ಕೂದಲು ಕಟ್ಟಿದ ತಾಯಿಯ ಕೈ ಹಿಡಿದು ನಿಂತಿದ್ದ ಮಗ, ಆ ಜಿರಾಫೆ ತನಗೆ ಸಂಬಂಧಿಸಿದ್ದೇ ಅಲ್ಲ ಎಂಬಂತೆ ಬೀದಿಯಲ್ಲಿ ಹೋಗುತ್ತಿದ್ದ ನಾಯಿಯನ್ನು ನೋಡುತ್ತಿದ್ದ. ಒಂದರ್ಥದಲ್ಲಿ ಸಂಬಂಧಿಸಿದ್ದೂ ಅಲ್ಲ.

ಬಾಯಿಂದ ಬಾಯಿಗೆ ಸುದ್ದಿ ಹರಡಿ ತರಗತಿಯ ಅಮ್ಮಂದಿರೆಲ್ಲ ಒಬ್ಬೊಬ್ಬರಾಗಿ ಬಂದರು. ಪ್ರತಿಯೊಬ್ಬಳೂ ಬೇರೆ ಯಾರಿಗೂ ಹೇಳಬೇಡಿ ಎಂದು ಪಿಸುಗುಟ್ಟಿ ಹೋದಳು. ಅಂಟಜ್ಜಿ ಕೆಲವಕ್ಕೆ ಕಿವಿ ಮರೆತಳು, ಕೆಲವಕ್ಕೆ ಕೊಂಬನ್ನು ಮೂಗಿನ ಮೇಲೆ ನಿಲ್ಲಿಸಿದಳು. ಹೀಗೆ ಕೆಡಿಸುವುದರಲ್ಲೂ ಅವಳದ್ದು ಅಚ್ಚುಕಟ್ಟು. ಕೆಲವು ದಿನ ಕಳೆದ ಮೇಲೆ ಶಾಲೆಯ ಹೆಡ್‌ಮಿಸ್ಸೇ ಬಂದರು.

“ಅಜ್ಜಿ, ನಮ್ಮ ಜಿರಾಫೆ ಸ್ಪರ್ಧೆಗೆ ನೀವೇ ಜಡ್ಜ್ ಆಗಬೇಕು. ಕರಕುಶಲ ಗೊತ್ತಿರೋರು ಈ ಬೀದೀಲಿ ಇನ್ಯಾರಿದ್ದಾರೆ?”

ಅಂಟಜ್ಜಿ ಅವರ ಮುಖವನ್ನೇ ದಿಟ್ಟಿಸಿದಳು. ಗೇಟಿಗೂ ಅಂಗಡಿಗೂ ನಡುವೆ ಇರುವುದು ಒಂದು ರಸ್ತೆ. ದಿನಾ ಸಂಜೆ ಅಮ್ಮಂದಿರ ಕೈಯಲ್ಲಿ ಹಳದಿ ಕುತ್ತಿಗೆಗಳು ಅಂಗಡಿಯ ಮೆಟ್ಟಿಲು ಇಳಿದು ಹೋಗುವುದು ಶಾಲೆಯ ಆಫೀಸಿನ ಕಿಟಕಿಗೆ ಕಾಣದೆ ಇರುತ್ತದೆಯೇ? ಆದರೆ ಹೆಡ್‌ಮಿಸ್ಸಿನ ಮುಖದಲ್ಲಿ ಏನೂ ಇರಲಿಲ್ಲ. ಕಂಡದ್ದನ್ನು ಕಾಣದಂತೆ ಇರುವುದನ್ನು ಅವರು ವರ್ಷಗಟ್ಟಲೆ ರೂಢಿಸಿಕೊಂಡಿದ್ದರು.

“ಆಗಲಿ ಬರ್ತೀನಿ,” ಅಂದಳು ಅಂಟಜ್ಜಿ. ಅವರು ರಸ್ತೆ ದಾಟುವುದನ್ನೇ ಕಾದು, “ನನ್ನ ಜಿರಾಫೆಗೆ ನಾನೇ ನಂಬರ್ ಹಾಕಬೇಕಂತೆ,” ಎಂದು ಒಬ್ಬಳೇ ನಕ್ಕಳು.

ಅದೇ ಶಿಶುವಿಹಾರದ ತರಗತಿಯಲ್ಲಿ ಅವಳ ಮೊಮ್ಮಗಳು ಪುಟ್ಟಿಯೂ ಇದ್ದಳು. ಮಗಳು ಆಸ್ಪತ್ರೆಯಲ್ಲಿ ನರ್ಸು, ಪಾಳಿ ಮುಗಿಸಿ ಬರುವವರೆಗೆ ಪುಟ್ಟಿ ಅಜ್ಜಿಯ ಅಂಗಡಿಯಲ್ಲೇ. ಪುಟ್ಟಿಯ ಜಿರಾಫೆಯನ್ನು ಪುಟ್ಟಿಯೇ ಮಾಡಬೇಕು, ತಾನು ಬೆರಳೂ ಸೋಕಿಸುವುದಿಲ್ಲ ಎಂದು ಅಂಟಜ್ಜಿ ಬಂದವರೆದುರೆಲ್ಲ ಜಂಭ ಕೊಚ್ಚಿದ್ದಳು. ಉಳಿದವರ ಹಾಗೆ ನಮ್ಮನೆ ಅಲ್ಲಮ್ಮ, ಎಂದು.

ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯ ನೆಲದ ಮೇಲೆ ಹಳೇ ಪೇಪರು ಹಾಸಿ ಪುಟ್ಟಿಯನ್ನು ಕೂರಿಸಿದಳು. ಪುಟ್ಟಿ ಕೊಳವೆಗೆ ಹಳದಿ ಬಳಿದಳು, ತನ್ನ ಮೊಣಕಾಲಿಗೂ ಬಳಿದಳು. ಕಾಲು ನಾಲ್ಕನ್ನೂ ಒಂದೇ ಕಡೆ ಸಿಕ್ಕಿಸಿದಳು.

“ಹಾಗೆ ಹಾಕಿದ್ರೆ ಬಿದ್ದುಹೋಗುತ್ತೆ ಪುಟ್ಟಿ.”

“ಬೀಳಲಿ.”

“ಎರಡು ಈ ಕಡೆ ಹಾಕು.” ಅಂಟಜ್ಜಿಯ ಕೈ ಆಗಲೇ ಹೋಗಿ ಎರಡು ಕ್ಲಿಪ್ಪನ್ನು ಕಿತ್ತು ಆ ಕಡೆ ಹಾಕಿಯಾಗಿತ್ತು. ಆಮೇಲೆ ಮಚ್ಚೆ. ಪುಟ್ಟಿ ಒಂದರ ಮೇಲೊಂದು ಒತ್ತಿ ಒತ್ತಿ ಇಡೀ ಹೊಟ್ಟೆಯನ್ನೇ ಕಂದು ಮಾಡಿದ್ದಳು. ಅಂಟಜ್ಜಿ ಒದ್ದೆ ಬಟ್ಟೆಯಲ್ಲಿ ಒರೆಸಿ, “ಇಲ್ಲೊಂದು, ಅಲ್ಲೊಂದು, ಹೀಗೆ ಜಾಗ ಬಿಟ್ಟು,” ಎಂದು ಪುಟ್ಟಿಯ ಬೆರಳನ್ನೇ ಹಿಡಿದು ಒತ್ತಿದಳು. ಪುಟ್ಟಿ ಬರೆದ ಕಣ್ಣು ಸರಿಯಾಗಿಲ್ಲವೆಂದು ಬೇರೆ ಕಣ್ಣು ಕತ್ತರಿಸಿದಳು. ಕಿವಿಯ ಹೊತ್ತಿಗೆ ಪುಟ್ಟಿಯ ಬೆರಳು ಬೇಕಾಗಲೇ ಇಲ್ಲ. ಜಿರಾಫೆ ಲಕ್ಷಣವಾಗಿ ಎದ್ದು ನಿಂತ ಮೇಲೆ ಅವಳು ತಲೆ ಎತ್ತಿದರೆ, ಎದುರಿಗೆ ಮಗು ಇಲ್ಲ.

ಪುಟ್ಟಿ ಬಾಗಿಲ ಹತ್ತಿರ ಕುಳಿತು ಒಣಗಿದ ಹಳದಿಯನ್ನು ಮೊಣಕಾಲಿನಿಂದ ಕೆರೆಯುತ್ತಿದ್ದಳು.

“ಪುಟ್ಟಿ, ಬಾ, ನಿನ್ನ ಜಿರಾಫೆ ನೋಡು.”

“ಅದು ನಿಂದು. ನೀನೇ ಸ್ಕೂಲಿಗೆ ತಗೊಂಡು ಹೋಗು.”

ಮಗು ಕೋಪ ಮಾಡಿಕೊಂಡು ಹೇಳಿದ್ದರೆ ಅಂಟಜ್ಜಿ ಗದರಿಸಿ ಸುಮ್ಮನಾಗಿಸುತ್ತಿದ್ದಳು. ಪುಟ್ಟಿ ಹೇಳಿದ್ದು, ಮರೆತ ಕೊಡೆಯನ್ನು ಅದರ ಒಡೆಯನಿಗೆ ತೋರಿಸುವಷ್ಟು ಸಹಜವಾಗಿ. ಅಂಟಜ್ಜಿ ನೆಲಕ್ಕೆ ಹಾಸಿದ್ದ ಪೇಪರುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದಳು.

ಸಂಜೆ ಮಗಳು ಬಂದಳು. ಪುಟ್ಟಿಯ ಮೊಣಕಾಲನ್ನೂ ಜಿರಾಫೆಯನ್ನೂ ನೋಡಿದೊಡನೆ ಅವಳಿಗೆ ಎಲ್ಲ ಅರ್ಥವಾಯಿತು. ಚಪ್ಪಲಿ ಬಿಡುತ್ತಾ ನಕ್ಕಳು.

“ನನ್ನ ಡ್ರಾಯಿಂಗ್ ಪುಸ್ತಕನೆಲ್ಲ ನೀನೇ ಬರೆದುಕೊಟ್ಟಿದ್ದೆ, ನೆನಪಿದೆಯಾಮ್ಮ? ವರ್ಷವರ್ಷ ಫಸ್ಟ್ ಬರ್ತಿದ್ದೆ. ಇವತ್ತಿಗೂ ನನಗೆ ಒಂದು ಬೆಕ್ಕು ಬರೆಯೋಕೆ ಬರಲ್ಲ.”

“ನಿನಗೆ ಕೈ ಇರಲಿಲ್ಲ ಕಣೇ.”

“ಕೈ ಇತ್ತಮ್ಮ. ಪೆನ್ಸಿಲ್ ನಿನ್ನ ಹತ್ರ ಇತ್ತು.”

ಮಗಳು ಪುಟ್ಟಿಯನ್ನು ಕರೆದುಕೊಂಡು ಹೊರಟುಹೋದಳು. ಅಂಟಜ್ಜಿ ಇಬ್ಬರಿಗೂ ಕೇಳುವಂತೆ ಬೈದಳು. ಅವರು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಬೈಯಲು ಯಾರೂ ಉಳಿಯಲಿಲ್ಲ. ಬ್ಯಾಂಕಿನ ತಾಯಿಯನ್ನು ನೆನೆಸಿಕೊಂಡು ಬೈಯೋಣವೆಂದರೆ, ಯಾಕೋ ಮೊದಲಿನ ಸ್ವಾದ ಬರಲಿಲ್ಲ.

ಸ್ಪರ್ಧೆಯ ದಿನ ತರಗತಿಯ ಉದ್ದದ ಮೇಜಿನ ಮೇಲೆ ಜಿರಾಫೆಗಳು ಸಾಲಾಗಿ ನಿಂತಿದ್ದವು. ಬಾಲ ಓರೆಯಾದದ್ದು, ಕಿವಿ ಇಲ್ಲದ್ದು, ಮೂಗಿನ ಮೇಲೆ ಕೊಂಬಿನದ್ದು. ಒಂದೇ ತಾಯಿಯ ಮಕ್ಕಳೆಂದು ಕುರುಡನೂ ಹೇಳಬಹುದಿತ್ತು. ಗೋಡೆಗೊರಗಿ ಅಮ್ಮಂದಿರು, ಹಿಂದೆ ಒಂದಿಬ್ಬರು ಅಪ್ಪಂದಿರು. ಯಾರೂ ಅಂಟಜ್ಜಿಯ ಕಣ್ಣಿಗೆ ಕಣ್ಣು ಕೊಡಲಿಲ್ಲ. ಎಲ್ಲರಿಗೂ ಒಮ್ಮೆಲೇ ಚಾವಣಿಯ ಫ್ಯಾನಿನ ಮೇಲೆ ಆಸಕ್ತಿ ಹುಟ್ಟಿತ್ತು.

ಮಕ್ಕಳಿಗೆ ಹುರುಪು ಬರಲೆಂದು ಹೆಡ್‌ಮಿಸ್ ಬ್ಯಾಂಕಿನ ತಾಯಿಯ ಮಗನನ್ನು ಮುಂದೆ ಕರೆದರು.

“ಹೇಳು ಮರಿ, ಈ ಮುದ್ದಾದ ಜಿರಾಫೆ ಮಾಡಿದ್ದು ಯಾರು?”

ಹುಡುಗ ಕೈ ಎತ್ತಿ ಜಡ್ಜನ್ನು ತೋರಿಸಿದ. “ಅಂಟಜ್ಜಿ.”

ಹೆಡ್‌ಮಿಸ್ ಕೆಮ್ಮಿದರು. “ಅಂದ್ರೆ ಅಜ್ಜಿ ಅಂಗಡೀಲಿ ಸಾಮಾನು ತಗೊಂಡೆ ಅಂತ. ಇದು ಯಾರದ್ದು? ಇದನ್ನ ಯಾರು ಮಾಡಿದ್ದು?”

ಎರಡನೆಯ ಮಗುವೂ ಅಂಟಜ್ಜಿ ಅಂದಿತು. ಮೂರನೆಯದನ್ನು ಕೇಳಲೇ ಇಲ್ಲ, ಅದೇ ಕೂಗಿತು. ಆಮೇಲೆ ಇಡೀ ತರಗತಿಗೆ ಅದೊಂದು ಆಟವಾಯಿತು. ‘ನಂದೂ ಅಂಟಜ್ಜಿ! ನಂದೂ ಅಂಟಜ್ಜಿ!’ ಪುಟ್ಟಿ ಬೆಂಚಿನ ಮೇಲೆ ಹತ್ತಿ ನಿಂತು, ಹೆಮ್ಮೆಯಿಂದ, “ಎಲ್ಲಾನೂ ನಮ್ಮಜ್ಜಿದೇ! ನಂದು ಕೂಡ!” ಎಂದು ಸಾರಿದಳು.

ಅಮ್ಮಂದಿರ ಮುಖ ನೋಡುವ ಹಾಗಿರಲಿಲ್ಲ. ಅಂಟಜ್ಜಿಯದು ಅದಕ್ಕಿಂತ ಕೆಂಪಾಗಿತ್ತು. ಆದರೆ ಬಾಲ ಮುದುರಿಕೊಳ್ಳುವ ಜಾತಿ ಅವಳದಲ್ಲ.

“ಹೌದು, ನಂದೇ,” ಅಂದಳು. “ಯಾಕೆ ಫ್ಯಾನ್ ನೋಡ್ತೀರಿ ಎಲ್ಲರೂ? ಮೊದಲನೇ ಬಹುಮಾನ, ಎರಡನೇ ಬಹುಮಾನ, ಸಮಾಧಾನದ ಬಹುಮಾನ ಎಲ್ಲಾ ನನಗೇ ಕೊಡಿ. ನಾಚಿಕೆ ಇಲ್ಲದೆ ತಗೋತೀನಿ. ನಾಚಿಕೆ ಇಲ್ಲದೆ ಕೊಡೋಕೆ ನಿಮಗೆ ಆಗುತ್ತಾ ಮೇಡಂ?”

ಹೆಡ್‌ಮಿಸ್ ಬಹುಮಾನದ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದರು. ಅಂಟಜ್ಜಿ ರಸ್ತೆ ದಾಟಿ ಹೋಗಿ, ಉಳಿದ ಕೊಳವೆ, ಕ್ಲಿಪ್ಪು, ಅಂಟು, ಬಣ್ಣದ ಡಬ್ಬಿ ಎಲ್ಲವನ್ನೂ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ತಂದು ತರಗತಿಯ ನೆಲದ ಮೇಲೆ ಸುರಿದಳು.

“ಮಾಡ್ರೋ. ದೊಡ್ಡವರೆಲ್ಲ ಆಚೆ ನಡೀರಿ. ಕಿಟಕೀಲಿ ನೋಡಬಹುದು. ಕೈ ಒಳಗೆ ಚಾಚಿದ್ರೆ ಅಂಟು ಹಾಕಿ ಸರಳಿಗೇ ಅಂಟಿಸಿಬಿಡ್ತೀನಿ.”

ಆ ಮಧ್ಯಾಹ್ನ ಕಿಟಕಿಯ ಹೊರಗೆ ನಿಂತವರು ಪಟ್ಟ ಸಂಕಟ ಹೇಳತೀರದು. “ಮಗೂ, ಕಾಲು! ಕಾಲು ಹಾಕು!” ಎಂದು ಒಬ್ಬಳು. “ಕತ್ತು ಮೇಲೆ ಮಾಡೋ!” ಎಂದು ಒಬ್ಬ ಅಪ್ಪ. ಒಳಗಿದ್ದವರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಮಗು ಕೊಳವೆಯನ್ನು ಕಣ್ಣಿಗೆ ಹಿಡಿದು ಅಮ್ಮನನ್ನೇ ದುರ್ಬೀನಿನಲ್ಲಿ ನೋಡಿತು. ಇನ್ನೊಂದು ಕ್ಲಿಪ್ಪುಗಳನ್ನು ಪಕ್ಕದವನ ಕಿವಿಗೆ ಸಿಕ್ಕಿಸಿತು. ಬ್ಯಾಂಕಿನ ತಾಯಿಯ ಮಗ ಎರಡು ಕುತ್ತಿಗೆಯ ಪ್ರಾಣಿಯೊಂದನ್ನು ಮಾಡಿ, ಒಂದು ತಿನ್ನೋಕೆ, ಒಂದು ಮಾತಾಡೋಕೆ ಎಂದು ವಿವರಿಸಿದ. ಪುಟ್ಟಿ ಜಿರಾಫೆಯ ಗೋಜಿಗೇ ಹೋಗದೆ ತನ್ನ ಬೂಟನ್ನು ಚಾರ್ಟ್ ಪೇಪರಿಗೆ ಭದ್ರವಾಗಿ ಅಂಟಿಸಿ ಕುಳಿತಿದ್ದಳು. ಅಂಟಜ್ಜಿ ಎರಡು ಕೈಗಳನ್ನೂ ಸ್ವೆಟರಿನ ಜೇಬಿನೊಳಗೆ ತುರುಕಿ, ಹಲ್ಲು ಕಚ್ಚಿ ನಿಂತಿದ್ದಳು. ಜೇಬಿನೊಳಗೆ ಬೆರಳುಗಳು ಸುಮ್ಮನಿರಲಿಲ್ಲ. ಪೆಟ್ಟಿಗೆ ಕಾರ್ಖಾನೆಯಲ್ಲಿ ಇಡೀ ದಿನ ನಿಂತಾಗಲೂ ಅವಳಿಗೆ ಅಷ್ಟು ದಣಿವಾಗಿರಲಿಲ್ಲ.

ಕೊನೆಗೆ ಜಿರಾಫೆ ಎನ್ನಬಹುದಾದದ್ದು ಆ ಕೋಣೆಯಲ್ಲಿ ಒಂದೂ ಇರಲಿಲ್ಲ. ಬಹುಮಾನದ ಬಣ್ಣದ ಪೆನ್ಸಿಲುಗಳನ್ನು ಹೆಡ್‌ಮಿಸ್ ಪೊಟ್ಟಣ ಬಿಚ್ಚಿ ಮಕ್ಕಳಿಗೆ ಹಂಚಿದರು, ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ.

ಅಮ್ಮಂದಿರಿಗೆ ಸಿಟ್ಟು ಬಂತು. ಕೆಲವು ವಾರ ಮುಂದಿನ ರಸ್ತೆಯ ಅಂಗಡಿಗೆ ಹೋದರು. ಅಲ್ಲಿ ರಟ್ಟು ಸಿಗುತ್ತಿತ್ತು, ಕೊಯ್ದು ಕೊಡುವವರಿರಲಿಲ್ಲ. ಮೆಲ್ಲಗೆ ಒಬ್ಬೊಬ್ಬರೇ ಹಿಂದಕ್ಕೆ ಬಂದರು. ಆದರೆ ಅಂಟಜ್ಜಿ ಮಾಡಿಕೊಡುವುದನ್ನು ಬಿಟ್ಟಿದ್ದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಗಿಡ್ಡ ಬೆಂಚು ಹಾಕಿಸಿ, “ಮಗೂನ ಕಳಿಸಿ, ನೀವು ತೊಲಗಿ,” ಎನ್ನುತ್ತಿದ್ದಳು. ಇಷ್ಟು ಮೃದುವಾಗಿಯೇ.

ಒಂದು ಶನಿವಾರ ಬ್ಯಾಂಕಿನ ತಾಯಿ ಮಗನನ್ನು ಬಿಟ್ಟು ಹೊರಡಲೇ ಇಲ್ಲ. ಬಾಗಿಲಲ್ಲಿ ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಕೈ ಮುಂದೆ ಬರುತ್ತಿತ್ತು, ಹಿಂದೆ ಹೋಗುತ್ತಿತ್ತು. ಆ ಕೈಯನ್ನು ಅಂಟಜ್ಜಿ ಸ್ವಲ್ಪ ಹೊತ್ತು ನೋಡಿದಳು.

“ಅವನದ್ದನ್ನ ಮುಟ್ಟಬೇಡಿ. ಅಷ್ಟು ಕೈ ತುರಿಸ್ತಾ ಇದ್ರೆ ನಿಮಗೇ ಒಂದು ಕೊಳವೆ ತಗೊಂಡು ಕೂತ್ಕೊಳ್ಳಿ.”

“ನಾನಾ? ನನಗೆಲ್ಲಿ ಬರುತ್ತೆ ಅಜ್ಜಿ. ಚಿಕ್ಕವಳಿದ್ದಾಗ ನಮ್ಮಕ್ಕನೇ ಮಾಡಿಕೊಡ್ತಿದ್ದಳು.”

“ಅದು ಕಾಣಿಸ್ತಾನೇ ಇದೆ. ಕೂತ್ಕೊಳ್ಳಿ.”

ಅವಳು ಮೊಣಕಾಲು ಗದ್ದಕ್ಕೆ ತಾಗುವಂತೆ ಗಿಡ್ಡ ಬೆಂಚಿನ ಮೇಲೆ ಮುದುಡಿ ಕುಳಿತಳು. ನಾಲಿಗೆಯ ತುದಿ ಹೊರಗೆ ಚಾಚಿ ಹಳದಿ ಬಳಿದಳು. ಅಂಗಡಿ ಮುಚ್ಚುವ ಹೊತ್ತಾದರೂ ಏಳಲಿಲ್ಲ. ಕೊನೆಗೆ ಎತ್ತಿ ತೋರಿಸಿದ ಜಿರಾಫೆಯ ಹೊಟ್ಟೆ ಹರಿದಿತ್ತು, ತಲೆ ಹಿಂದಕ್ಕೆ ತಿರುಗಿತ್ತು.

“ಹೇಗಿದೆ ಅಜ್ಜಿ?”

“ದರಿದ್ರವಾಗಿದೆ,” ಅಂದಳು ಅಂಟಜ್ಜಿ. ಅದು ಒಣಗಲೆಂದು ಕಿಟಕಿಯ ಹತ್ತಿರ ಜಾಗ ಮಾಡಿ ಇಟ್ಟಳು.