ತೊಗರಿಬೇಳೆಯೋ ಕಡಲೆಬೇಳೆಯೋ

ಗೆಳತಿಯರೇ, ಇವತ್ತು ದೇವರೇ ನನ್ನ ಮಾನ ಕಾಪಾಡಿದ. ಸಂಜೆ ದೇವಸ್ಥಾನದ ನೈವೇದ್ಯಕ್ಕೆ ಹೋಳಿಗೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಈ ಪರದೇಶದ ಟೊರೆನ್ಸ್ ಊರಿನ ನಮ್ಮ ಅಡುಗೆಮನೆಯಲ್ಲಿ ತಟ್ಟಿದ್ದೆಲ್ಲ ಹರಿದು ಹೂರಣ ಹೊರಗೆ ಬಂತು. ಸಹಾಯಕ್ಕೆ ಬಂದಿದ್ದ ಉಡುಪಿಯ ಜಯಕ್ಕ ಒಲೆ ಆರಿಸಿಯೇಬಿಟ್ಟರು.

"ಎಂತ ಮಾರಾಯ್ತಿ, ತೊಗರಿಬೇಳೆ ಹೂರಣ ಹಾಕಿದ್ರೆ ಹರಿಯದೆ ಇನ್ನೇನು? ಕಡ್ಲೆಬೇಳೆ ಹಾಕ್ಬೇಕಿತ್ತು."

"ನಮ್ಮ ಮಂಡ್ಯದ ಕಡೆ ತೊಗರಿಬೇಳೆನೇ ಜಯಕ್ಕ. ನಿಮ್ಮ ಕಡ್ಲೆಬೇಳೆ ಗಂಟಲಲ್ಲೇ ನಿಲ್ಲುತ್ತೆ."

"ಹೌದಾ? ಹೋದ ವರ್ಷ ನಮ್ಮನೇಲಿ ನಾಲ್ಕು ತಿಂದದ್ದು ಯಾರು?"

"ದೇವರ ಪ್ರಸಾದ ಅಂತ ತಿಂದೆ!"

ಕಾಫಿ ಮಾಡಿಕೊಂಡು ವಾದ ಮುಂದುವರಿಸಿದೆವು. ಬೆಲ್ಲ, ಏಲಕ್ಕಿಯ ವಿಷಯ ಮುಗಿದು ಮಾತು ನಮ್ಮ ಅತ್ತೆಯರವರೆಗೂ ಹೋಯಿತು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಗಾಬರಿಯಿಂದ ಮತ್ತೆ ತಟ್ಟಿದರೆ ಹೋಳಿಗೆ ತೆಳ್ಳಗೆ ಹರಡಿತು, ಒಂದೂ ಹರಿಯಲಿಲ್ಲ! ಬೇಳೆಯ ತಪ್ಪೇನೂ ಇರಲಿಲ್ಲ. ಅವಸರದಲ್ಲಿ ನಾನು ಕಣಕವನ್ನು ನೆನೆಯಲು ಬಿಟ್ಟಿರಲಿಲ್ಲ; ನಾವು ಜಗಳವಾಡುತ್ತಿದ್ದಾಗ ಅದು ಎಣ್ಣೆಯಲ್ಲಿ ನೆನೆದು ಮೆತ್ತಗಾಗಿತ್ತು.

ನೈವೇದ್ಯ ಹೊತ್ತಿಗೆ ಸರಿಯಾಗಿ ಮುಟ್ಟಿತು. ಈಗ ತಾನೇ ಜಯಕ್ಕ ಫೋನ್ ಮಾಡಿದ್ದರು: "ಮುಂದಿನ ವಾರ ನಮ್ಮನೇಲಿ ಹೋಳಿಗೆ. ಕಣಕ ಕಲಸಿದ ಕೂಡ್ಲೆ ಹೇಳ್ತೇನೆ, ಬಾ. ಮಾವನವರ ವಿಷಯ ಬಾಕಿ ಉಂಟು."