ಅಮ್ಮ ಕಾರಿನಿಂದ ಇಳಿಯಲಿಲ್ಲ

ಮಂಡಿನೋವಿನಿಂದ ಅಪ್ಪ ಕಾರು ಓಡಿಸುವುದನ್ನು ಬಿಟ್ಟಾಗ, ಅಮ್ಮ ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂಗು ಗಾಜಿಗೆ ತಾಗುವಷ್ಟು ಮುಂದೆ ಬಾಗಿ ಕೂರುತ್ತಿದ್ದಳು. ಯಾರು ಏನೇ ಹೇಳಿದರೂ ಒಂದೇ ಉತ್ತರ: "ನಂಗೆ ಗೊತ್ತು, ಸುಮ್ನಿರಿ."

ಒಂದು ದಿನ ಅಪ್ಪನನ್ನು ಮೂಡಿಗೆರೆಯ ಆಸ್ಪತ್ರೆಗೆ ತೋರಿಸಲು ನಾವು ಮೂವರೂ ಹೊರಟೆವು. ಗೋಣಿಬೀಡಿನ ಬಳಿ ಹಿಂದಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಹೋಗಿ, ಅಮ್ಮ ಕಾರಿನ ಎಡಗಡೆಯ ಚಕ್ರಗಳನ್ನು ಚರಂಡಿಗೆ ಇಳಿಸಿದಳು. ಬಸ್ಸು ನಿಂತಿತು. ಜನ ಕಾರು ಎತ್ತಲು ಓಡಿ ಬಂದರು. ನಾನು ಅಪ್ಪನನ್ನು ಹಿಡಿದು ಕೆಳಗಿಳಿಸಿದೆ. ಅಮ್ಮ ಮಾತ್ರ ಅಲುಗಾಡಲಿಲ್ಲ.

"ಅಮ್ಮಾ, ನೀವೂ ಇಳೀರಿ, ಭಾರ ಕಮ್ಮಿ ಆಗ್ತದೆ," ಎಂದ ಕಂಡಕ್ಟರ್.

"ಈಗ ಇಳಿದ್ರೆ ಮತ್ತೆ ಹತ್ತೋಕೆ ಧೈರ್ಯ ಬರಲ್ಲ ಮಾರಾಯ. ಹಿಂಗೇ ಎತ್ತಿ."

ಅವಳು ಸ್ಟೇರಿಂಗ್ ಬಿಡಲಿಲ್ಲ. ಎಲ್ಲರೂ ನಗುತ್ತಲೇ ಅವಳ ಸಮೇತ ಕಾರನ್ನು ಎತ್ತಿ ರಸ್ತೆಗಿಟ್ಟರು. ಅಮ್ಮ ಅವರಿಗೆ ಕೈಮುಗಿದು, ಗೇರ್ ಹಾಕಿ, ನಮ್ಮಿಬ್ಬರನ್ನೂ ರಸ್ತೆಯಲ್ಲೇ ಬಿಟ್ಟು ಹೊರಟೇಹೋದಳು.

ನಾನು ಅಪ್ಪನನ್ನು ಅದೇ ಬಸ್ಸಿಗೆ ಹತ್ತಿಸಿದೆ. ಆಸ್ಪತ್ರೆ ತಲುಪಿದಾಗ ಅಮ್ಮ ಚೀಟಿ ಮಾಡಿಸಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಎಷ್ಟು ಹೊತ್ತು ನಿಮ್ದು?" ಎಂದು ರೇಗಿದಳು.